ಹಲಸಿನ ನಾಡಿಗೆ ಹಲಸಿನ ಹಪ್ಪಳ

ಪುತ್ತೂರು

ಹೊರಡುವ ದಿನ ಬೆಳಿಗ್ಗೆ ದನಕ್ಕೆ ಅಕ್ಕಚ್ಚು ಇಟ್ಟೆ. ಹಾಲು ಕರೆದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಮಿಡಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದೆ. ಮರುದಿನದ ದೋಸೆಗೆ ಅಕ್ಕಿ ನೆನೆಹಾಕಿದೆ. ರುಬ್ಬಲು ನಾನೇ ಇರುವುದಿಲ್ಲವೆಂದು ಆಮೇಲೆ ನೆನಪಾಗಿ ನೀರು ಬಸಿದೆ. ಬಾವಿಕಟ್ಟೆಯ ಹತ್ತಿರ ಒಣಗಿದ್ದ ಸೀರೆ ಮಡಚಿದೆ. ತಲೆ ಬಾಚಿಕೊಂಡೆ. ಆಮೇಲೆ ವಿದೇಶಕ್ಕೆ ಹೊರಟೆ.

ಸಿಲೋನಿಗೆ ಹೋಗುತ್ತೇನೆಂದರೆ ಯಾರಿಗಾದರೂ ನಾಲಗೆಯ ತುದಿಗೆ ಬರುವ ತಮಾಷೆಯೊಂದಿದೆ. ಅದನ್ನು ನಮ್ಮೂರು ಕೆದಂಬಾಡಿಯಲ್ಲಿ ಎಲ್ಲರೂ ಒಂದೊಂದು ಸಲ ಹೇಳಿ ಮುಗಿಸಿದ್ದರು. ಆದುದರಿಂದ ಇಲ್ಲಿ ಬರೆಯುವುದಿಲ್ಲ.

ನಾವು ಹೋದದ್ದು ದೇಶದ ಕೆಲಸಕ್ಕೆ. ಅದು ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲ. ದೇಶದಲ್ಲಿ ವಿದೇಶೀ ವಿನಿಮಯ ಇಲ್ಲ ಎಂಬ ಸುದ್ದಿ ದೆಹಲಿಯಿಂದ ಹೊರಟು, ಬೆಂಗಳೂರು ದಾಟಿ, ನಮ್ಮ ಹಪ್ಪಳ ಕೇಂದ್ರದ ತನಕ ಬಂದಿತ್ತು. ತಂದವರು ವಿಸ್ತರಣಾಧಿಕಾರಿ ಸದಾನಂದ ರಾಯರು. ಕೇಂದ್ರವೆಂದರೆ ಪುತ್ತೂರಿನ ಪೇಟೆಯಿಂದ ಸ್ವಲ್ಪ ಆಚೆ, ಹಂಚು ಹಾಕಿದ ಒಂದು ಜಗಲಿ, ಒಂದು ಅಟ್ಟ, ಹಿಂದೆ ಒಂದು ಸಣ್ಣ ಕೋಣೆ. ಬೇಸಿಗೆಯಲ್ಲಿ ನಾವು ಎಂಟು ಹತ್ತು ಹೆಂಗಸರು ಅಲ್ಲಿ ಹಲಸಿನ ಸೊಳೆ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಹಪ್ಪಳ ಒತ್ತುತ್ತಿದ್ದೆವು. ಕೋಣೆಯಲ್ಲಿ ಪಮ್ಮಕ್ಕ ಇರುತ್ತಿದ್ದಳು.

ಪಮ್ಮಕ್ಕನೆಂದರೆ ಕೋಡಿಂಬಾಳದ ಪರಮೇಶ್ವರಿ. ಗಂಡ ತೀರಿದ ಮೇಲೆ ಅಣ್ಣನ ಮನೆ ಸೇರಿದವಳು. ಅಲ್ಲಿ ಅವಳಿಗೆ ಯಾರೂ ಹೊಡೆದವರಿಲ್ಲ, ಬೈದವರಿಲ್ಲ. ಆದರೆ ಎಲ್ಲರೂ ಉಂಡ ಮೇಲೆ ಉಣ್ಣಬೇಕು, ಎಲ್ಲರೂ ಮಲಗಿದ ಮೇಲೆ ಮಲಗಬೇಕು, ಎಲ್ಲರಿಗಿಂತ ಮೊದಲು ಏಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಕೇಂದ್ರದ ಕಾವಲಿಗೆಂದು ಆ ಕೋಣೆ ಸಿಕ್ಕಿದಾಗ ಅವಳು ಒಂದು ಚಾಪೆ, ಎರಡು ಪಾತ್ರೆ ಹಿಡಿದುಕೊಂಡು ಬಂದಿದ್ದಳು.

"ಹೊರದೇಶಕ್ಕೆ ಮಾಲು ಕಳಿಸದ ಕೇಂದ್ರವನ್ನು ಮುಚ್ಚಬೇಕಂತ ಮೇಲಿಂದ ಬಂದಿದೆ," ಎಂದರು ರಾಯರು.

"ಮುಚ್ಚಿದ್ರೆ ಕೋಣೆ?" ಎಂದಳು ಪಮ್ಮಕ್ಕ.

"ಕೋಣೆಯೂ ಕೇಂದ್ರದ್ದೇ ಅಲ್ವಾ ಅಮ್ಮ."

ಹೊರಡುವ ದಿನ ರಾಯರು ಬಾಗಿಲಿಗೆ ಬೀಗ ಹಾಕಿಸಿ, ಕೀಲಿಕೈಯನ್ನು ಜವಾನ ಐತಪ್ಪನ ಕೈಗೆ ಕೊಟ್ಟು, "ತೀರ್ಮಾನ ಆಗುವ ತನಕ ಯಾರಿಗೂ ಕೊಡ್ಬೇಡ" ಎಂದರು. ಪಮ್ಮಕ್ಕ ಬಸ್ಸು ತಿರುಗುವ ತನಕ ಐತಪ್ಪನ ಜೇಬನ್ನೇ ನೋಡುತ್ತಿದ್ದಳು.

ಸಿಲೋನೇ ಯಾಕೆಂದರೆ, ಕೊಲಂಬೊದ ಒಬ್ಬ ಮುದಲಾಳಿ, ಎಂದರೆ ದೊಡ್ಡ ವ್ಯಾಪಾರಿ, ಹಿಂದಿನ ವರ್ಷ ಹಂಚು ಕೊಳ್ಳಲು ಮಂಗಳೂರಿಗೆ ಬಂದಿದ್ದರು. ರಾಯರು ಅವರಿಗೆ ನಮ್ಮ ಹಪ್ಪಳ ತಿನ್ನಿಸಿದ್ದರು. ತಿಂದು ಕೈ ಒರೆಸಿಕೊಳ್ಳುತ್ತಾ ಅವರು, "ಚೆನ್ನಾಗಿದೆ, ಒಮ್ಮೆ ನಮ್ಮಲ್ಲಿಗೂ ಬನ್ನಿ" ಎಂದರಂತೆ. ನಮ್ಮ ಕಡೆ ಹೊರಟು ನಿಂತವರು ಹೀಗೆ ಹೇಳಿದರೆ ನಾವು ಆಯಿತೆಂದು ತಲೆಯಾಡಿಸಿ ಒಳಗೆ ಹೋಗುತ್ತೇವೆ. ರಾಯರು ಅದನ್ನು ರಫ್ತಿನ ಬೇಡಿಕೆ ಎಂದು ಮೇಲಕ್ಕೆ ಬರೆದುಬಿಟ್ಟರು. ಮೇಲಿನವರು, ಮಾಡುವ ಹೆಂಗಸರಿಬ್ಬರನ್ನು ಕರೆದುಕೊಂಡು ಹೋಗಿ ಎಂದರು. ನಾನು ಲೆಕ್ಕಪತ್ರ ನೋಡುವವಳೆಂದು ಒಬ್ಬಳು, ಹಪ್ಪಳ ಒತ್ತುವವಳೆಂದು ಪಮ್ಮಕ್ಕ ಇನ್ನೊಬ್ಬಳು.

ರೈಲು

ವಿದೇಶೀ ವಿನಿಮಯ ತರಲು ಹೋಗುವ ನಮಗೆ ವಿದೇಶೀ ವಿನಿಮಯ ಕೊಡಲಿಲ್ಲ. ಕೊಟ್ಟರೆ ಅದು ಖರ್ಚಾಗುತ್ತದಂತೆ. ಆದ್ದರಿಂದ ರಾಯರು ಒಂದು ಸೀಮೆಎಣ್ಣೆ ಒಲೆ, ನಾನು ಕುಚ್ಚಲಕ್ಕಿ, ಪಮ್ಮಕ್ಕ ತೆಂಗಿನಕಾಯಿ ಹೊತ್ತುಕೊಂಡು ಹೊರಟೆವು. ತೆಂಗಿನಕಾಯಿಯ ದೇಶಕ್ಕೆ ತೆಂಗಿನಕಾಯಿ ಹೊತ್ತದ್ದು ನಮಗೆ ಆಗ ಹೊಳೆಯಲಿಲ್ಲ.

ಹಪ್ಪಳದ ಮಾದರಿ ಒಂದೇ ತಗಡಿನ ಡಬ್ಬಿಯಲ್ಲಿತ್ತು. ಅರ್ಧ ಕರಿದದ್ದು, ರುಚಿ ತೋರಿಸಲು. ಅರ್ಧ ಕರಿಯದ್ದು, ಮಾಲು ತೋರಿಸಲು. ಅದಕ್ಕಿಂತ ಹೆಚ್ಚು ಒಯ್ಯಲು ಬೇರೆ ಅಪ್ಪಣೆ ಬೇಕಿತ್ತು. ಡಬ್ಬಿ ನನ್ನ ತೊಡೆಯ ಮೇಲೆ.

ಶೊರನೂರು ಕಳೆದ ಮೇಲೆ ಎದುರಿಗೆ ಕೂತ ಒಬ್ಬರು ಅಜ್ಜಿ ಬುತ್ತಿ ಬಿಚ್ಚಿ, ಪುಳಿಯನ್ನವನ್ನು ಒಂದು ಕಿಣ್ಣಿಯಲ್ಲಿ ಹಾಕಿ ನಮಗೆ ಕೊಟ್ಟರು. ತಿಂದೆವು. ಕಿಣ್ಣಿ ತೊಳೆದೆ. ತೊಳೆದು ಹಾಗೆಯೇ ಕೊಡಲು ಕೈ ಬರಲಿಲ್ಲ. ನಮ್ಮ ಕಡೆಯ ಯಾವ ಹೆಂಗಸಿಗೂ ಬರುವುದಿಲ್ಲ. ಆಚೆಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಬರಿದಾಗಿ ಹಿಂದೆ ಕಳಿಸುವುದುಂಟೇ? ಏನೂ ಇಲ್ಲದಿದ್ದರೆ ನಾಲ್ಕು ಹರಳು ಉಪ್ಪಾದರೂ ಹಾಕಿ ಕಳಿಸುತ್ತೇವೆ. ಆಮದು ರಫ್ತು ಎಂದು ರಾಯರು ಹೇಳುವುದನ್ನು ನಾವು ಹುಟ್ಟಿದಾಗಿನಿಂದ ಮಾಡುತ್ತಲೇ ಬಂದಿದ್ದೇವೆ. ಕಿಣ್ಣಿಯಲ್ಲಿ ಹಪ್ಪಳ ಇಟ್ಟು ಕೊಟ್ಟೆ.

"ಮಾದರಿ ಅದು!" ಎಂದರು ರಾಯರು.

"ಬರೀ ಕಿಣ್ಣಿ ಕೊಡುದಾ ರಾಯರೇ? ನಿಮ್ಮ ಮನೆಯಲ್ಲಿ ಹಾಗೆ ಕೊಡ್ತಾರಾ?" ಎಂದಳು ಪಮ್ಮಕ್ಕ.

ಹಪ್ಪಳ ಕಂಡು ಪಕ್ಕದ ಸಂಸಾರ ಒಂದು ತಟ್ಟೆ ಮುರುಕು ಕೊಟ್ಟಿತು. ಆ ತಟ್ಟೆಯೂ ಬರಿದಾಗಿ ಹೋಗಲಿಲ್ಲ. ಮುರುಕು ತಿನ್ನುವುದರಲ್ಲಿ ರಾಯರು ಯಾರಿಗೂ ಹಿಂದೆ ಬೀಳಲಿಲ್ಲ. ತಿನ್ನುತ್ತಾ, "ಕರಿದದ್ದು ಹೇಗೂ ಮೆತ್ತಗಾಗ್ತದೆ, ಕರಿಯದ್ದು ಇದ್ರೆ ಸಾಕು" ಎಂದರು.

ಕತ್ತಲಾದಾಗ ಎಲ್ಲರೂ ಕಾಲು ಚಾಚಿದರು. ಪಮ್ಮಕ್ಕ ಮಾತ್ರ ನೆಟ್ಟಗೆ ಕೂತಿದ್ದಳು. "ಮಲಗು ಮಾರಾಯ್ತಿ," ಎಂದೆ. "ನೀವು ಮಲಗಿ ದೇವಕಿಯಕ್ಕ, ಎಲ್ಲರದ್ದೂ ಆಗ್ಲಿ," ಎಂದಳು. ರೈಲಿನಲ್ಲಿ ಎಲ್ಲರದ್ದೂ ಆಗುವುದು ಯಾವಾಗ? ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುತ್ತಾರೆ. ಬೆಳಿಗ್ಗೆ ನೋಡಿದಾಗಲೂ ಹಾಗೆಯೇ ಕೂತಿದ್ದಳು.

ಮಂಡಪಂ

ಸಮುದ್ರ ದಾಟುವವರಿಗೆ ರೋಗವಿಲ್ಲವೆಂದು ಇಲ್ಲಿ ನೋಡಿ ಬಿಡುತ್ತಾರೆ. ಬಿಸಿಲೆಂದರೆ ಹಪ್ಪಳದ ಬಿಸಿಲು. ಅಂಥ ಮರಳು, ಅಂಥ ಗಾಳಿ, ಒಂದು ತುಂಡು ಮೋಡವಿಲ್ಲ. "ಅಯ್ಯೋ, ಇಷ್ಟು ಒಳ್ಳೆ ಬಿಸಿಲು ಸುಮ್ಮನೆ ಹಾಳಾಗ್ತಾ ಉಂಟಲ್ಲ," ಎಂದು ಪಮ್ಮಕ್ಕ ನಿಜವಾಗಿಯೂ ಸಂಕಟಪಟ್ಟಳು.

ಡಾಕ್ಟರು ನಾಲಗೆ ನೋಡಿ, ಕಣ್ಣು ನೋಡಿ, ಡಬ್ಬಿ ನೋಡಿದರು. ಅವರ ಹೆಂಡತಿ ಒಳ್ಳೆಯವರು. ಹೆಂಗಸರು ಬಂದಿದ್ದಾರೆಂದು ಚೊಂಬಿನಲ್ಲಿ ಮಜ್ಜಿಗೆ ಕಳಿಸಿದರು. ಚೊಂಬಿನೊಳಗೆ ಹಪ್ಪಳ ಹಿಡಿಸುವುದಿಲ್ಲ. ಆದ್ದರಿಂದ ಮೇಲೆ ಇಟ್ಟು, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟೆ.

ಹಡಗು ಸಣ್ಣದು. ಸಮುದ್ರವೂ ನಾನು ಹೆದರಿದಷ್ಟು ಇರಲಿಲ್ಲ. ರಾಯರಿಗೆ ವಾಂತಿಯಾಯಿತು. ಲಿಂಬೆಹಣ್ಣು ಕೊಟ್ಟ ಒಬ್ಬರಿಗೆ ಅವರೇ ಕೈಯಾರೆ ಡಬ್ಬಿ ಬಿಚ್ಚಿ ಹಪ್ಪಳ ಕೊಟ್ಟರು.

ತಲೈಮನ್ನಾರ್

ಸಿಲೋನಿನ ಸುಂಕದವನು ಎಳೆಯ ಪ್ರಾಯದವನು, ತುಂಬಾ ಮರ್ಯಾದಸ್ಥ. ಒಂದು ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದ, ಬಗ್ಗಿಸಿದ, ಮೂಸಿದ. ಅವನ ಪುಸ್ತಕದಲ್ಲಿ ಹಣ್ಣಿಗೊಂದು ಜಾಗವಿತ್ತು, ತರಕಾರಿಗೊಂದಿತ್ತು, ಚರ್ಮದ ಸಾಮಾನಿಗೊಂದಿತ್ತು. ಹಲಸಿನ ಹಪ್ಪಳ ಎಲ್ಲಿಯೂ ಕೂರಲಿಲ್ಲ. ತಿನ್ನುವ ವಸ್ತು ಎಂದು ರಾಯರು ಇಂಗ್ಲಿಷಿನಲ್ಲಿ ವಿವರಿಸಿದರು. ಹಾಗಾದರೆ ತಿಂದು ತೋರಿಸಿ ಎಂದ. ಕರಿಯದ ಹಪ್ಪಳ ತಿನ್ನುವುದು ಹೇಗೆ? ಸುಂಕದ ಕಟ್ಟೆಯ ಹಿಂದೆ ಸೀಮೆಎಣ್ಣೆ ಒಲೆ ಹೊತ್ತಿಸಿದೆವು. ವಾಸನೆಗೆ ಅವನ ಮೇಲಿನವರು ಬಂದರು, ಅವರ ಮೇಲಿನವರೂ ಬಂದರು. ಎಲ್ಲರೂ ಪರೀಕ್ಷಿಸಿದರು. ಒಬ್ಬರು ಪರೀಕ್ಷೆಯನ್ನು ಎರಡು ಸಲ ಮಾಡಿದರು. ಕೊನೆಗೆ ಸುಂಕ ಹಾಕುವಷ್ಟು ಮಾಲು ಉಳಿದಿಲ್ಲ ಎಂದು ಬರೆದು ಬಿಟ್ಟುಬಿಟ್ಟರು. ಮರ್ಯಾದೆಗೆ ನಮಗೆ ಒಂದೊಂದು ಲೋಟ ಚಹಾ ಕೊಟ್ಟರು. ಲೋಟ ಹಿಂದೆ ಕೊಡುವಾಗ ನಾನು ಪಮ್ಮಕ್ಕನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇನ್ನೂ ಎರಡೋ ಮೂರೋ ಇದ್ದವು. ಕೊಟ್ಟೆವು.

ಕೊಲಂಬೊ, ಹೋದ ದಿನ

ರೈಲಿನ ಕಿಟಕಿಯಲ್ಲಿ ಬೆಳಗಾಯಿತು. ರಾಯರು ಹೊರಗೆ ನೋಡುತ್ತಾ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ನಾನೂ ನೋಡಿದೆ. ಪ್ರತಿ ಮನೆಯ ಹಿತ್ತಲಿನಲ್ಲೂ ಮರ. ಬುಡದಿಂದ ತುದಿಯ ತನಕ ಕಾಯಿ. ಬೇಲಿಯ ಮೇಲೆ, ಮಾಡಿನ ಮೇಲೆ ಜೋತು ಬಿದ್ದ ಕಾಯಿ.

"ಅದು ಜೀಗುಜ್ಜೆ ಇರ್ಬೇಕು," ಎಂದರು ರಾಯರು.

"ಜೀಗುಜ್ಜೆಗೆ ಇಷ್ಟು ದೊಡ್ಡ ಹೊಟ್ಟೆ ಎಲ್ಲಿ ಉಂಟು ರಾಯರೇ," ಎಂದಳು ಪಮ್ಮಕ್ಕ. "ಹಲಸೇ ಅದು. ನಮ್ಮದಕ್ಕಿಂತ ಲಾಯ್ಕ ಉಂಟು."

ಆಮೇಲೆ ನಿಲ್ದಾಣ ಬರುವ ತನಕ ಯಾರೂ ಹೊರಗೆ ನೋಡಲಿಲ್ಲ.

ಮುದಲಾಳಿಯ ಅಂಗಡಿ ಬಂದರಿನ ಹತ್ತಿರ. ಒಣಮೆಣಸು, ಈರುಳ್ಳಿ, ಒಣಮೀನಿನ ಮೂಟೆಗಳ ನಡುವೆ ಅವರು ಬಿಳಿ ಪಂಚೆ ಉಟ್ಟು ಕೂತಿದ್ದರು. ರಾಯರನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕಿದ ಮೇಲೆ, ಕರೆದವರು ನಿಜವಾಗಿ ಬಂದುಬಿಟ್ಟಾಗ ನಮಗೂ ಆಗುವ ಮುಖ ಅವರಿಗಾಯಿತು. ಆದರೆ ಒಳ್ಳೆಯವರು. ಅಂಗಡಿ ಮುಚ್ಚಿ ಮನೆಗೆ ಕರೆದುಕೊಂಡು ಹೋದರು. ಅವರ ಅಜ್ಜ ಮಲಯಾಳದಿಂದ ಹೋಗಿ ನೆಲೆಸಿದವರಂತೆ. ಮನೆಯಲ್ಲಿ ಮುದಲಾಳಿಯ ತಾಯಿ ಇನ್ನೂ ಮಲಯಾಳವನ್ನೇ ಆಡುತ್ತಿದ್ದರು. ಪಮ್ಮಕ್ಕನ ತಾಯಿಮನೆ ಸುಳ್ಯದ ಗಡಿಯಲ್ಲಿ. ಅವಳಿಗೆ ಮಲಯಾಳ ನೀರು ಕುಡಿದ ಹಾಗೆ. ವಿದೇಶದ ನೆಲದಲ್ಲಿ ಭಾಷೆ ಬಲ್ಲವಳು ಅವಳೊಬ್ಬಳೇ ಆದಳು. ರಾಯರ ಇಂಗ್ಲಿಷಿಗೆ ಕೆಲಸ ಸಿಗಲಿಲ್ಲ.

ಊಟಕ್ಕೆ ನಮ್ಮ ಸೇಮಿಗೆಯಂಥದ್ದೇ ಒತ್ತಿದ ಸೇಮಿಗೆ, ಬಟ್ಟಲಿನಷ್ಟು ಸಣ್ಣ ಬಿಲ್ಲೆಗಳು. ಜೊತೆಗೆ ಕೆಂಪು ಕಾಯಿಚಟ್ನಿ. ನಾನು ಬಾಯಿಗಿಡುವ ಮೊದಲು ಪಮ್ಮಕ್ಕ ಮೆಲ್ಲಗೆ, "ದೇವಕಿಯಕ್ಕ, ಅದರಲ್ಲಿ ಒಣಮೀನಿನ ಹುಡಿ ಉಂಟು, ನೀವು ಬಿಡಿ" ಎಂದು ನನ್ನ ಪಾಲನ್ನು ತನ್ನ ಬಟ್ಟಲಿಗೆ ಎಳೆದುಕೊಂಡಳು. "ಎಂತ ರುಚಿ ಮಾರಾಯ್ರೆ!" ಎಂದೂ ಸೇರಿಸಿದಳು. ನಾನು ಸೇಮಿಗೆಗೆ ಊರಿನಿಂದ ತಂದ ಮಿಡಿ ಉಪ್ಪಿನಕಾಯಿ ಹಾಕಿಕೊಂಡೆ. ದೇಶಕ್ಕೆ ಖರ್ಚಾಗಲಿಲ್ಲ.

ಊಟವಾದ ಮೇಲೆ ರಾಯರು ಎದ್ದು ನಿಂತು, ಎರಡು ದೇಶಗಳ ಮೈತ್ರಿಯ ಬಗ್ಗೆ ಮಾತಾಡಿ, ಡಬ್ಬಿ ತೆರೆದರು. ಒಳಗೆ ಚೂರು ಮತ್ತು ಜೀರಿಗೆ ಇದ್ದವು.

"ಎರಡು ಮೂರಾದ್ರೂ ಉಳಿದಿತ್ತಲ್ಲ, ಎಲ್ಲಿ?" ಎಂದರು ನನ್ನ ಕಡೆ ತಿರುಗಿ.

"ಎಲ್ಲಿ ಅಂದ್ರೆ? ಅಜ್ಜಿಯ ಕಿಣ್ಣಿಯಲ್ಲಿ, ಮುರುಕಿನ ತಟ್ಟೆಯಲ್ಲಿ, ಡಾಕ್ಟರ ಚೊಂಬಿನ ಮೇಲೆ. ಹಡಗಿನಲ್ಲಿ ನೀವೇ ಕೊಟ್ಟದ್ದು ಲಿಂಬೆಹಣ್ಣಿಗೆ. ಉಳಿದದ್ದು ಸುಂಕದವರ ಹೊಟ್ಟೆಗೆ, ಕೊನೆಯದ್ದು ಅವರ ಲೋಟಕ್ಕೆ."

ಪಮ್ಮಕ್ಕ ಇದನ್ನೆಲ್ಲ ಮುದಲಾಳಿಯ ತಾಯಿಗೆ ಮಲಯಾಳದಲ್ಲಿ ಹೇಳಿದಳು. ಆ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಳಿಕ ಕಣ್ಣೊರೆಸಿಕೊಂಡು, "ಖಾಲಿ ಪಾತ್ರೆ ಕೊಡುದು ಹೇಗೆ ಅಲ್ವಾ? ನನ್ನ ಅಜ್ಜಿಯೂ ಹಾಗೇ ಹೇಳ್ತಿದ್ರು" ಎಂದರಂತೆ. ಮುದಲಾಳಿ ನಗಲಿಲ್ಲ. ವ್ಯಾಪಾರಿ. ಅವರು ಕಿಟಕಿಯ ಹೊರಗಿನ ಮರ ತೋರಿಸಿ ಮೆತ್ತಗೆ ಹೇಳಿದರು: "ನೀವು ಮೆಣಸು ತಂದಿದ್ದರೆ ಇವತ್ತೇ ಕೊಳ್ಳುತ್ತಿದ್ದೆ. ಹಲಸು ನಮ್ಮಲ್ಲಿ ಬಿದ್ದು ಕೊಳೆಯುತ್ತದೆ."

ಪಮ್ಮಕ್ಕ ಅದನ್ನು ನಮಗೆ ಕನ್ನಡದಲ್ಲಿ ಹೇಳಬೇಕಿತ್ತು. ಹೇಳಿದಳು, ಒಂದು ಶಬ್ದವನ್ನೂ ಬಿಡದೆ. ಹೇಳಿ ಮುಗಿಸಿ ಡಬ್ಬಿಯ ಮುಚ್ಚಳವನ್ನು ಮುಚ್ಚಿ, ಸೆರಗಿನಿಂದ ಒರೆಸುತ್ತಲೇ ಇದ್ದಳು. ಆ ರಾತ್ರಿಯೂ ಅವಳು ಮನೆಯವರೆಲ್ಲ ಮಲಗುವ ತನಕ ಗೋಡೆಗೆ ಒರಗಿ ಕೂತಿದ್ದಳು.

ಕೊಲಂಬೊ, ಮಾರನೆಯ ದಿನ

ಬೆಳಿಗ್ಗೆ ಮುದುಕಿ ಒಂದು ಹಲಸಿನ ಕಾಯಿ ಕೊಯ್ಯಿಸಿ, ಮಾಡಿ ತೋರಿಸು ಎಂದು ಪಮ್ಮಕ್ಕನ ಮುಂದೆ ಇಡಿಸಿದರು. ಹೆಂಗಸರೆಲ್ಲ ಸುತ್ತ ಕೂತೆವು. ಸೊಳೆ ಬಿಡಿಸಿದೆವು, ಬೇಯಿಸಿದೆವು, ಬಿಸಿಯಿರುವಾಗಲೇ ಕುಟ್ಟಿದೆವು. ಬಾಳೆಲೆಗೆ ಎಣ್ಣೆ ಸವರಿ ಎರಡು ಮಣೆಗಳ ನಡುವೆ ಒತ್ತಿದೆವು. ಆ ಊರಿನ ಸೊಳೆಗೆ ನೀರು ಹೆಚ್ಚು. ಹಪ್ಪಳ ಎಲೆ ಬಿಟ್ಟು ಏಳಲು ಒಪ್ಪಲಿಲ್ಲ. ಎದ್ದದ್ದನ್ನು ಅಂಗಳದಲ್ಲಿ ಹರಡಿದರೆ ಕಾಗೆಗಳು ಬಂದವು. ಸಿಲೋನಿನ ಕಾಗೆಗಳಿಗೆ ನಮ್ಮ ಊರಿನ ಕಾಗೆಗಳಷ್ಟು ಹೆದರಿಕೆ ಇಲ್ಲ. ಮಧ್ಯಾಹ್ನ ಮೋಡ ಕವಿದು ಧೋ ಎಂದು ಮಳೆ ಹೊಯ್ಯಿತು. ಚಾಪೆ ಎತ್ತಿಕೊಂಡು ಓಡಿದೆವು. ಮುದುಕಿಯೇ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯಲ್ಲಿ, ಉಳಿದದ್ದನ್ನು ಹರಡಿಸಿದರು. ಸಂಜೆ ಅವು ಆನೆಕಿವಿಯ ಹಾಗೆ ಮುರುಟಿಕೊಂಡಿದ್ದವು. ಅರೆಬರೆ ಒಣಗಿದ್ದನ್ನೇ ಕರಿದರು, ಉಬ್ಬಲಿಲ್ಲ. ಮಕ್ಕಳು ಅದನ್ನೂ ಬಿಡದೆ ತಿಂದರು.

"ಹಾಳಾಯ್ತು," ಎಂದಳು ಪಮ್ಮಕ್ಕ ನನ್ನ ಕಿವಿಯಲ್ಲಿ. "ಇನ್ನು ಅಣ್ಣನ ಮನೆಯೇ."

ಮುದುಕಿಗೆ ಮಾತ್ರ ಹಪ್ಪಳಕ್ಕಿಂತ ಪಮ್ಮಕ್ಕ ರುಚಿಸಿದ್ದಳು. ಇಡೀ ದಿನ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಮಲಯಾಳದಲ್ಲಿ ಮಾತಾಡಿದ್ದೇ ಮಾತಾಡಿದ್ದು. ಸಂಜೆ ಅವರು ಮಗನನ್ನು ಕರೆದು, ಈಕೆ ಹಲಸಿನ ಕಾಲ ಮುಗಿಯುವ ತನಕ ಇಲ್ಲೇ ಇದ್ದು ನಮ್ಮ ಹೆಂಗಸರಿಗೆ ಕಲಿಸಲಿ ಎಂದರು. ಮುದಲಾಳಿ ರಾಯರಿಗೆ ಹೇಳಿದ್ದನ್ನು ಪಮ್ಮಕ್ಕನೇ ಕನ್ನಡಕ್ಕೆ ತಂದಳು. ರಾಯರ ಮುಖ ತಟ್ಟನೆ ಬೆಳಗಿತು.

"ತಾಂತ್ರಿಕ ನೆರವು!" ಎಂದರು. "ಬೆಳೆಯುತ್ತಿರುವ ಒಂದು ದೇಶ ಬೆಳೆಯುತ್ತಿರುವ ಇನ್ನೊಂದು ದೇಶಕ್ಕೆ ಕೊಡುವ ತಾಂತ್ರಿಕ ನೆರವು! ಮೇಲಿನವರಿಗೆ ರಫ್ತಿಗಿಂತ ಇದೇ ಹೆಚ್ಚು ಖುಷಿ. ಆಗ್ಲಿ, ಆಗ್ಲಿ, ಇವರು ಇರ್ತಾರೆ."

"ಯಾರು ಇರುದು?" ಎಂದಳು ಪಮ್ಮಕ್ಕ.

"ನೀವೇ ಅಮ್ಮ."

"ನನ್ನನ್ನು ಕೇಳಿದ್ರಾ?"

ರಾಯರು ಕೇಳಿರಲಿಲ್ಲ. ಆ ಮಾತು ಅವರಿಗೆ ಹೊಳೆದೇ ಇರಲಿಲ್ಲವೆಂದು ಮುಖ ಹೇಳುತ್ತಿತ್ತು.

"ನೋಡಿ ರಾಯರೇ," ಎಂದಳು ಅವಳು, ಡಬ್ಬಿಯನ್ನು ಅವರ ಮುಂದೆ ಇಟ್ಟು. "ಇನ್ನೊಬ್ಬರ ಮನೆಯಲ್ಲಿ ಇದ್ದು ನಂಗೆ ಸಾಕಾಗಿದೆ. ಅಮ್ಮ ಒಳ್ಳೆಯವರು, ಆದ್ರೂ ಇದು ಅವರ ಮನೆ. ನಾಳೆ ಒಂದು ದಿನ ಕಲಿಸ್ತೇನೆ, ಮನಸ್ಸಿಟ್ಟು ಕಲಿಸ್ತೇನೆ. ನಾಡಿದ್ದು ದೇವಕಿಯಕ್ಕನ ಒಟ್ಟಿಗೆ ಹೊರಡುದು. ನೀವು ಅದಕ್ಕೆ ಎಂತ ದೊಡ್ಡ ಹೆಸರು ಬೇಕೋ ಅದನ್ನು ಬರ್ಕೊಳ್ಳಿ. ಆದ್ರೆ ಬಂದ ಪಾತ್ರೆಯನ್ನು ಬರಿದು ಕಳಿಸ್ಬಾರ್ದು. ನಿಮಗೆ ನೆರವು, ನಂಗೆ ಕೋಣೆ."

"ಕೋಣೆ ಸರ್ಕಾರದ್ದಮ್ಮ..."

"ಹಾಗಾದ್ರೆ ನಾಳೆ ಸರ್ಕಾರವೇ ಬಂದು ಕೂತು ಹಪ್ಪಳ ಒತ್ಲಿ."

ಮುದುಕಿ ಏನೆಂದು ಕೇಳಿದರು. ಪಮ್ಮಕ್ಕ ಮಲಯಾಳದಲ್ಲಿ ಹೇಳಿದಳು. ಮುದುಕಿ ರಾಯರನ್ನು, ಅಂಗಡಿಯಲ್ಲಿ ತೂಕ ಕಡಿಮೆ ಹಾಕಿದವನನ್ನು ನೋಡುವ ಹಾಗೆ ನೋಡಿದರು. ರಾಯರು ಬೆವರೊರೆಸಿಕೊಂಡು, "ಆಯ್ತು. ತಾಂತ್ರಿಕ ನೆರವಿನ ಕೇಂದ್ರವನ್ನು ಯಾರು ಮುಚ್ತಾರೆ? ಇವತ್ತೇ ತಂತಿ ಕಳಿಸ್ತೇನೆ" ಎಂದರು. ನಮ್ಮ ಆ ಪ್ರವಾಸದಲ್ಲಿ ಕುದುರಿದ ವ್ಯಾಪಾರ ಇದೊಂದೇ.

ಮರುದಿನ ಪಮ್ಮಕ್ಕ ಕಲಿಸಿದಳು. ಹಿಂದಿನ ದಿನಕ್ಕಿಂತ ವಾಸಿಯಾಯಿತೆಂದು ನಾನು ಹೇಳಿದರೆ ಸುಳ್ಳಾದೀತು. ಮಳೆ ಸ್ವಲ್ಪ ತಡವಾಗಿ ಬಂತು ಎನ್ನಬಹುದು. ಹೊರಡುವಾಗ ಮುದುಕಿ ನಮ್ಮ ಡಬ್ಬಿಯನ್ನು ಕೇಳಿ ಒಳಗೆ ಒಯ್ದರು. ಹಿಂದೆ ಬಂದಾಗ ಅದು ಭಾರವಾಗಿತ್ತು. ತುಂಬಾ ಬೈನೆ ಬೆಲ್ಲ. ಬೈನೆಮರ ಸುಳ್ಯದ ಕಡೆಯೂ ಉಂಟು. ಅದರ ಕಳ್ಳು ಇಳಿಸುವುದು ಕಂಡಿದ್ದೆ, ಬೆಲ್ಲ ಕಂಡಿರಲಿಲ್ಲ.

ತಲೈಮನ್ನಾರಿನಲ್ಲಿ ಅದೇ ಸುಂಕದವನು ಡಬ್ಬಿಯ ಗುರುತು ಹಿಡಿದು ಆಸೆಯಿಂದ ನೋಡಿದ. ನಮ್ಮ ದೇಶದ ಕಡೆಯ ಸುಂಕದವರು ಮಾತ್ರ, ರಫ್ತಿಗೆ ಹೋದವರು ಆಮದು ಮಾಡಿಕೊಂಡು ಬಂದಿರೆಂದು ಹುಬ್ಬು ಗಂಟಿಕ್ಕಿದರು. ಅವರಲ್ಲಿ ಯಾರೂ ಒಂದು ಲೋಟ ನೀರನ್ನೂ ಕೊಡಲಿಲ್ಲ. ಹಾಗಾಗಿ ಬೆಲ್ಲ ಉಳಿಯಿತು.

ಮತ್ತೆ ಪುತ್ತೂರು

ಬಸ್ಸಿನಿಂದ ಇಳಿದಾಗ ಸಂಜೆ. ಐತಪ್ಪ ನಿಂತಿದ್ದ. ರಾಯರು ಭಾಷಣದ ಮುಖ ಮಾಡಿಕೊಂಡು ಮುಂದೆ ಹೋದರು. ಅವನು ಅವರಿಗೆ ಒಂದು ಕೈಯಿಂದ ನಮಸ್ಕಾರ ಮಾಡಿ, ಇನ್ನೊಂದು ಕೈಯಿಂದ ಪಮ್ಮಕ್ಕನಿಗೆ ಕೀಲಿಕೈ ಕೊಟ್ಟ.

"ಮೇಲಿನ ಆಫೀಸಿನವ್ರು ಬಂದಿದ್ರು ಅಕ್ಕ. ಕೇಂದ್ರ ಮುಚ್ಚುದಿಲ್ಲವಂತೆ. ಹೊರದೇಶದವ್ರು ನೋಡ್ಲಿಕ್ಕೆ ಬಂದಾರು, ಗೋಡೆಗೆ ಸುಣ್ಣ ಹೊಡೆಸಿ ಅಂದ್ರು."

ಕೆದಂಬಾಡಿಯ ಕಡೆಗೆ ಆ ಹೊತ್ತಿಗೆ ಬಸ್ಸಿರಲಿಲ್ಲ. ನಾನು ಪಮ್ಮಕ್ಕನ ಕೋಣೆಯಲ್ಲೇ ಉಳಿದೆ. ಅವಳು ಬೀಗ ತೆಗೆದು, ಬಾಗಿಲು ತಳ್ಳಿ, ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತಳು. ಆಮೇಲೆ ಗುಡಿಸಿದಳು. ಸಿಲೋನಿಗೆ ಹೋಗಿ ಬಂದ ಕುಚ್ಚಲಕ್ಕಿ ಇನ್ನೂ ಉಳಿದಿತ್ತು. ಅದರ ಗಂಜಿ ಮಾಡಿದೆವು. ಅಟ್ಟದಿಂದ ಹಪ್ಪಳ ತೆಗೆದು ಕೆಂಡದಲ್ಲಿ ಸುಟ್ಟೆವು. ಗಂಜಿ, ಸುಟ್ಟ ಹಪ್ಪಳ, ಕಚ್ಚಿಕೊಳ್ಳಲು ವಿದೇಶದ ಬೈನೆ ಬೆಲ್ಲ. ಇಬ್ಬರೂ ಒಟ್ಟಿಗೆ ಕೂತು ಉಂಡೆವು.

"ಸ್ವಲ್ಪ ಸೊಂಟ ನೀಡ್ತೇನೆ ದೇವಕಿಯಕ್ಕ, ಆಮೇಲೆ ಪಾತ್ರೆ ತೊಳೆಯುವಾ," ಎಂದು ಪಮ್ಮಕ್ಕ ಚಾಪೆ ಬಿಡಿಸಿದಳು. ನಾನು ಡಬ್ಬಿಯ ಮುಚ್ಚಳ ಹಾಕಿ ತಿರುಗಿ ನೋಡುವಷ್ಟರಲ್ಲಿ ಗೊರಕೆ ಕೇಳಿಸಿತು. ಪಾತ್ರೆಗಳನ್ನು ಸದ್ದಾಗದ ಹಾಗೆ ನಾನೇ ತೊಳೆದು ಕವುಚಿಟ್ಟೆ.